ಹಾಲಜ್ಜ ಹಾಡು ನಿಲ್ಲಿಸಿದ ಜಾಗ

ಕೂನೂರು ಬಸ್ ನಿಲ್ದಾಣದ ಅಂಗಡಿಯಲ್ಲಿ ಬಡಗರ ಕುಣಿತದ ಹಾಡುಗಳ ಕ್ಯಾಸೆಟ್ ಹಾಕಿದ್ದರು. ನನ್ನ ಮುಂದಿದ್ದ ಹುಡುಗಿ ಪಕ್ಕದ ಬಿಳಿ ಮುಂಡಿನ ಮುದುಕಿಯನ್ನು ‘ಹೆತ್ತೆ’, ಅಂದರೆ ಅಜ್ಜಿ, ಎಂದು ಕರೆದು ಹೇಳಿದಳು:

“ಇದು ಹಾಲಜ್ಜನ ದನಿ, ಹೆತ್ತೆ.”

“ಗೊತ್ತು ಮಗಳೇ, ಅವ ಎನ್ನ ಗಂಡ. ಈ ಹಾಡಲ್ಲಿ ಉಸಿರು ಸಾಲದೆ ನಡುವೆ ನಿಂತುಬಿಟ್ಟ. ಆ ನಾಚಿಕೆಗೆ ಆಮೇಲೆ ಹಾಡಿದ್ದೇ ಇಲ್ಲ.”

“ಅಯ್ಯೋ, ಬೇಕೂಂತ ನಿಲ್ಲಿಸಿದ್ದು ಅಂದ್ಕೊಂಡಿದ್ದೆವು! ಎಂಗ ಊರು ಕೆತ್ತಿಯ ಮದುವೆಗಳಲ್ಲಿ ಆ ಜಾಗ ಬಂದರೆ ಎಲ್ಲರೂ ಕಾಲೆತ್ತಿ ಹಾಗೇ ನಿಲ್ತೀವಿ. ದನಿ ಮತ್ತೆ ಬಂದ ಮೇಲೇ ಕಾಲು ಕೆಳಗೆ.”

“ಮುದುಕರೂ?”

“ಅವರೇ ಮೊದಲು.”



“ಯಾವ ಕಾಲು?”

“ಬಲಗಾಲು.”

“ನಾ ಹೇಳಿದರೆ ಅವ ನಂಬ. ನೀನೇ ಮನೆಗೆ ಬಂದು ಕುಣಿದು ತೋರು.”

ಕೆತ್ತಿ ಬಸ್ ಬಂತು. ಹುಡುಗಿ ಹತ್ತಲಿಲ್ಲ. ಹಿಂದೆಯೇ ಬಂದ, ಮುದುಕಿಯ ಊರು ಹುಬ್ಬತಲೈಗೆ ಹೋಗುವ ಬಸ್ಸನ್ನು ಇಬ್ಬರೂ ಒಟ್ಟಿಗೆ ಹತ್ತಿದರು.