ಕೆಂಪು ದೀಪದ ಮೇಲಿನ ಟೇಪು

ಸ್ಪೀಕರ್ ರಿಪೇರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ-ತಮ್ಮ ನಿಂತಿದ್ದರು. ತಮ್ಮನ ಬೆನ್ನ ಮೇಲೆ ಬೇಸ್ ಗಿಟಾರಿನ ಚೀಲ, ಇಬ್ಬರ ನಡುವೆ ಸೊಂಟದೆತ್ತರದ ಒಂದು ಸ್ಪೀಕರ್. ನಾನು ಕಿವಿಗೊಡಬಾರದಿತ್ತು, ಆದರೆ ಸಾಲು ಕದಲುತ್ತಿರಲಿಲ್ಲ.

"ನಾನು ಹಾಡೋವಾಗ ಇದು ಯಾವತ್ತೂ ಗೊರಗೊರ ಅಂದಿಲ್ಲ. ನಿನ್ನ ಗಿಟಾರ್ ಸಿಕ್ಕಿಸಿದ್ಯಾ?"

"ಒಂದೇ ಸಲ ಅಕ್ಕಾ. ಅದೂ ಮೆಲ್ಲಗೆ."

"ಗಿಟಾರಿಗೆ ನಿನ್ನದೇ ಆಂಪ್ಲಿಫೈಯರ್ ಇತ್ತಲ್ಲ?"

"ಅದನ್ನ ಮೂರು ಮಹಡಿ ಹೊತ್ತು ಸಾಕಾಯ್ತು. ಇದರಲ್ಲಾದ್ರೆ ಆಂಪ್ ಒಳಗೇ ಇದೆ, ವೈರ್ ಹಾಕಿದ್ರೆ ಮುಗೀತು."

"ಡ್ರಮ್ಮಿನವನು ಜೊತೆಗಿದ್ದನಾ?"

"ಇದ್ದ."

"ಅವನ ಬಡಿತದಲ್ಲಿ ಮೆಲ್ಲಗೆ ನುಡಿಸಿದ್ದು ನಿನಗೆ ಕೇಳಿಸ್ತಾ? ನನ್ನ ಕಿವಿಗೆ ಹೂವಿಡಬೇಡ."

ತಮ್ಮ ಚೀಲದ ಪಟ್ಟಿ ಸರಿಮಾಡಿಕೊಂಡ.

"ಸೌಂಡು ಮಿತಿ ಮೀರಿದ್ರೆ ಮುಂದೆ ಕೆಂಪು ದೀಪ ಹತ್ತುತ್ತಲ್ಲ. ಹತ್ತಲಿಲ್ವಾ?"

"ನನಗಂತೂ ಕಾಣಿಸಲಿಲ್ಲ."

ಅವಳು ಬಗ್ಗಿ ನೋಡಿದಳು. ದೀಪ ಇರಬೇಕಾದಲ್ಲಿ ಕಪ್ಪು ಟೇಪಿನ ತುಂಡು. ಉಗುರಿನಿಂದ ಕಿತ್ತು ಅವನ ಮೂಗಿನ ಮುಂದೆ ಹಿಡಿದಳು.

"ನಾನು ಮೀಟಿದಾಗಲೆಲ್ಲ ಮಿಣಮಿಣ ಅಂತಿತ್ತು ಅಕ್ಕಾ. ಕಣ್ಣು ಅಲ್ಲೇ ಹೋಗಿ ತಾಳ ತಪ್ತಿತ್ತು."

"ಒಂದೇ ಸಲಕ್ಕೆ ಮೂರು ಪದರ ಟೇಪಾ?"

"ಪ್ರತಿ ಸಲ ಅಂಟು ಬಿಡ್ತಿತ್ತು..."

ಅವನು ನಾಲಿಗೆ ಕಚ್ಚಿಕೊಂಡ.

"ಪ್ರತಿ ಸಲ," ಎಂದಳು ಅಕ್ಕ. "ಇದರ ಜೋಡಿ ಮನೇಲಿದೆಯಲ್ಲ, ನಾಳೆ ನಾನು ಹಾಡೋಕೆ ಒಯ್ಯಬೇಕಾದ್ದು. ಅದಕ್ಕೂ ಟೇಪ್ ಅಂಟಿಸಿದೀಯಾ?"

"ನಮ್ಮ ಸರದಿ ಬಂತು ಅಕ್ಕಾ," ಎಂದವನೇ ತಮ್ಮ ಸ್ಪೀಕರನ್ನು ತಬ್ಬಿ ಎತ್ತಿಕೊಂಡು ಕೌಂಟರಿನತ್ತ ಹೊರಟುಬಿಟ್ಟ. ಅಕ್ಕ ಟೇಪನ್ನು ಹಿಡಿದುಕೊಂಡೇ ಅವನ ಹಿಂದೆ ನಡೆದಳು.

ಅವರ ಮುಂದೆ ಸಾಲಿನಲ್ಲಿ ಇನ್ನೂ ಮೂವರಿದ್ದರು.