ಬೂದಿ ಗುಂಡಿಯ ಕಾವು

ಮುಸ್ಸಂಜೆಗೇ ಹಿಡಿದ ಮಳೆ ಬಿಡುವ ಲಕ್ಷಣವಿರಲಿಲ್ಲ. ಚನ್ನಪಟ್ಟಣದ ಶರೀಫನ ಕುಲುಮೆಯಲ್ಲಿ, ಬೂದಿ ಗುಂಡಿಯ ಅಂಚಿಗೆ, ಅವನ ಹೆಂಡತಿ ಜಹೀದಾ ಮುದುರಿ ಕೂತಿದ್ದಳು. ಗುಂಡಿಯೊಳಗಿದ್ದದ್ದು ಕಬ್ಬಿನ ಗಾಣದ ಹಲ್ಲುಚಕ್ರ. ಸೀಳಿದ್ದ ಆ ಎರಕದ ಉಕ್ಕನ್ನು ಶರೀಫ್ ಕೆಂಪಗೆ ಕಾಯಿಸಿ, ಬೆಸುಗೆ ಹಾಕಿ, ಬಿಸಿಬೂದಿಯಲ್ಲಿ ಹೂತು, ಮೇಲೆ ತಗಡು ಮುಚ್ಚಿ, ಗಾಡಿ ತರಲು ಪಕ್ಕದೂರು ಕ್ಲೋಸ್‌ಪೇಟೆಗೆ ಹೋಗಿದ್ದ. ಉಕ್ಕು ತಾನಾಗಿ ಆರಬೇಕು, ನಡುವೆ ತಣ್ಣನೆ ಗಾಳಿ ಸೋಕಿದರೆ ಒಳಗೊಳಗೇ ಬಿರುಕು ಬಿಡುತ್ತದೆ, ಕಣ್ಣಿಗೂ ಕಾಣುವುದಿಲ್ಲ, ತಗಡು ಸರಿಸಬೇಡ ಎಂದು ಮೂರು ಸಲ ಹೇಳಿ ಹೋಗಿದ್ದ. ಹೇಳದಿದ್ದರೂ ಅವಳು ಸರಿಸುತ್ತಿರಲಿಲ್ಲ. ಆ ಚಕ್ರದ ಮುಂದೆ ನಿಂತು ಗಾಣಕ್ಕೆ ಕಬ್ಬು ಕೊಡುವವನು ಅವಳ ಒಬ್ಬನೇ ತಮ್ಮ ನಜೀರ್.

ಮಳೆಗೆ ಸಿಕ್ಕ ಕೇರಿಯ ಹೆಂಗಸರು ಒಳಗೆ ನುಗ್ಗಿ ಕಾವಿಗೆ ಒತ್ತಿ ಕೂತರು. ಎಲ್ಲರಿಗೂ ಹಿರಿಯಳಾದ ದೊಡ್ಡಲಕ್ಷ್ಮಮ್ಮ ಎಲೆಯಡಿಕೆ ಕುಟ್ಟುತ್ತ ಶುರುಮಾಡಿದಳು.

"ಇದೇ ಗುಂಡಿ ಕಣ್ರವ್ವ... ಆಗ ಜಬ್ಬಾರ್ ಮೇಸ್ತ್ರೀದು. ಅವ್ನ ಹೆಂಡ್ರು ಫಿರೋಜಾ. ಪ್ಲೇಗಲ್ಲಿ ಇದ್ದೊಂದು ಕೂಸೂ ಹೋಗ್ಬುಟ್ಟಿತ್ತು, ಮುಚ್ಚಿದ ಮಣ್ಣು ಇನ್ನೂ ಹಸಿ... ಗಂಡ ಹಿಂಗೇ ಚಕ್ರ ಹೂತು, ನೋಡ್ಕೋ ಅಂತ ಕೂರ್ಸಿದ್ದ. ಇಂಥದೇ ಮಳೆ. ಬಾಗ್ಲಲ್ಲಿ ಯಾರೋ ನಿಂತಂಗಾಯ್ತು... ಯಾರು ಅಂತೀರಿ? ಅದೇ ಕೂಸು! ಮೈಯೆಲ್ಲ ನೀರು, ಹಲ್ಲು ಕಟಕಟ. 'ಅಮ್ಮೀ, ಚಳಿ... ಒಸಿ ಬೂದಿ ತೆಗಿ, ಕೈ ಕಾಸ್ಕತೀನಿ.' ಸತ್ತ ಮಗ ಅಂತ ಗೊತ್ತು, ತೆಗೀಬಾರ್ದು ಅಂತ್ಲೂ ಗೊತ್ತು... ಹೆತ್ತೋಳು ಏನ್ ಮಾಡ್ತಾಳೆ, ನೀವೇ ಹೇಳಿ?"

"ನಾನಾಗಿದ್ರೆ ಪೊರಕೆ ತಕ್ಕತಿದ್ದೆ," ಅಂದಳು ಬೈರಮ್ಮ, ನಡುಗುತ್ತಲೇ.

"ನಿನ್ ಪೊರಕೆಗೆ ನಿನ್ ಗಂಡ ಓಡ್ಬೇಕು, ದೆವ್ವ ಅಲ್ಲ. ಸುಮ್ಕಿರೇ... ತೆಗುದ್ಲು ಕಣೇ. ತಗಡು ಸರಿಸಿ, ಬೂದಿ ಬಗುದ್ಲು. ಕೆಂಡದಂಗಿದ್ದ ಉಕ್ಕಿಗೆ ಮಳೆಗಾಳಿ ಬಡೀತು... ಟಿಣ್ ಅಂತ ಒಂದೇ ಸದ್ದು. ಹಂಗೇ ಮುಚ್ಬುಟ್ಲು, ಗಂಡಂಗೆ ಉಸಿರೆತ್ನಿಲ್ಲ. ಹೊರಗೆ ತೆಗೆದ್ರೆ ಚಕ್ರ ಹೊಸದಿದ್ದಂಗೈತೆ, ಯಾರ್ಗೆ ಅನುಮಾನ? ಗಾಣಕ್ಕೆ ಏರ್ಸಿದ್ರು. ತಿರುಗ್ತು... ಸಿಡೀತು. ಎದುರಿಗೆ ನಿಂತಿದ್ದೋನು ಜಬ್ಬಾರೇ. ಫಿರೋಜಾ ಅನ್ನ ನೀರು ಬುಟ್ಟು, ಈ ಗುಂಡಿ ಪಕ್ಕದಲ್ಲೇ ಪ್ರಾಣ ಬುಟ್ಲು."

ಸೂರಿನ ನೀರು ಧೋ ಎನ್ನುತ್ತಿತ್ತು.

"ಈಗ ಕೂಸು ಒಂದೇ ಬರಾಕಿಲ್ಲ... ಅವ್ಳೇ ಎತ್ಕೊಂಡು ಬತ್ತಾಳೆ. ಮಳೆ ಹಿಡಿದು, ಗುಂಡೀಲಿ ಕಾವಿದ್ರೆ, ಕಾಯೋಳ ಪಕ್ಕಕ್ಕೆ ಬಂದು ಕೂತ್ಕತಾಳೆ. ಏನೂ ಕೇಳಾಕಿಲ್ಲ... ಎಷ್ಟು ತಣ್ಣಗೈತೆ ನೋಡ್ಲಿ ಅಂತ ಕೂಸಿನ ಕೈನ ಅವ್ಳ ಕೈಗೆ ಕೊಡ್ತಾಳೆ, ಅಷ್ಟೇಯ."

ನಜೀರ್, ನಜೀರ್ ಎಂದು ಜಹೀದಾ ಒಳಗೇ ಹೇಳಿಕೊಂಡಳು. ಆದರೂ ಎದೆಯೊಳಗೆ ಎಂಥದೋ ಕನಿಕರ ಉಕ್ಕಿ ಬಂದು ತಡೆಯಲಾಗದಾಯಿತು. "ಸುಳ್ಳು ಅಂದ್ಬುಡಿ ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು.

ಮುದುಕಿ ಕುಟ್ಟುವುದನ್ನು ನಿಲ್ಲಿಸಿದಳು.

"ಸುಳ್ಳೇ ಆಗ್ಲಿ ಕಣವ್ವ... ಆದ್ರೆ ನಿನ್ ಬಲಗೈ ಆಗ್ಲಿಂದ ತಗಡು ಸರಿಸ್ತಾ ಐತೆ. ಎಡಗೈಲಿ ಯಾರ ಕೈ ಹಿಡ್ಕೊಂಡು ಉಜ್ಜುತಾ ಇದ್ದೀಯ?"