ಲ್ಯಾಬ್ ಸಹಾಯಕಿಯ ಕೊನೆಯ ಪಾಠ

ವೇದಿಕೆಯ ನಡುವಿನ ಕುರ್ಚಿಯಲ್ಲಿರುವ ನಮ್ಮ ಕಾಲೇಜಿನ ಕಾರ್ಯದರ್ಶಿ ಅಜಿತಕುಮಾರರೇ, ಅವರ ಬಲಕ್ಕೆ ಕುಳಿತ ವಿಭಾಗ ಮುಖ್ಯಸ್ಥ ಕಮಲಾಕ್ಷ ಸರ್ ಅವರೇ, ಊಟಕ್ಕೆ ಹೊತ್ತಾದರೂ ಕದಲದ ಸಭಿಕರೇ,

ಬೀಳ್ಕೊಡುಗೆಗೆ ಶಾಲು ಹೊದೆಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಬುಟ್ಟಿಯಲ್ಲಿ ಸೇಬಿನ ಕೆಳಗೆ ನಾನು ಕೇಳಿದ್ದ ಅನುಭವ ಪತ್ರವೂ ಉಂಟು. ಕಾರ್ಯದರ್ಶಿಗಳು ನನ್ನ ಗುಣಗಾನ ಮಾಡುತ್ತಿದ್ದಾಗ ಅದನ್ನು ಓದಿದೆ. ‘ಕಾಂತಿ, ಲ್ಯಾಬ್ ಸಹಾಯಕಿ, ಹನ್ನೆರಡು ವರ್ಷ. ಕೆಲಸ: ಕಂಪ್ಯೂಟರುಗಳನ್ನು ಆನ್ ಮತ್ತು ಆಫ್ ಮಾಡುವುದು.’ ಆಫ್ ಮಾಡುವುದನ್ನೂ ಮರೆಯದೆ ಬರೆದಿದ್ದಾರೆ. ಅದಕ್ಕೆ ನಾನು ಕೃತಜ್ಞಳು.

ಹನ್ನೆರಡು ವರ್ಷದ ಹಿಂದೆ ಕಮಲಾಕ್ಷ ಸರ್ ಹೇಳಿದ್ದರು: “ಇವತ್ತೊಂದು ದಿನ ಜಾವಾ ಪ್ರೋಗ್ರಾಮಿಂಗ್ ಪಾಠ ನೀವು ಮಾಡಿ ಮಾರಾಯ್ರೆ, ನನಗೆ ಸ್ವಲ್ಪ ಕೆಲಸ ಉಂಟು.” ಆ ಕೆಲಸ ಇನ್ನೂ ಮುಗಿದಿಲ್ಲ. ಆದರೂ ಅವರ ಶ್ರದ್ಧೆಯನ್ನು ಮೆಚ್ಚಬೇಕು. ನಾನು ಪಾಠ ಮಾಡಿದ ಪ್ರತಿ ಸಂಜೆಯೂ ಬಂದು ಪಾಠದ ರಿಜಿಸ್ಟರಿನಲ್ಲಿ ತಮ್ಮ ಸಹಿ ಹಾಕಿದ್ದಾರೆ. ಒಂದು ದಿನವಾದರೂ ತಪ್ಪಿಸಿದ್ದುಂಟೇ?

ಪ್ರತಿ ವರ್ಷ ನಾನು ಒಂದು ಪಾಠವನ್ನು ಹೀಗೆ ಶುರು ಮಾಡುತ್ತಿದ್ದೆ. ಪಾಣೆಮಂಗಳೂರಿನ ನಮ್ಮ ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬ ಉಂಟು. ಒಳಗಿರುವುದು ಹಲಸಿನ ಬೀಜ ಬೇಯಿಸಿ ಒಣಗಿಸಿದ ಸಾಂತಾಣಿ. ಜಾವಾದಲ್ಲೂ ಹಾಗೆಯೇ. ‘ನೌಕರ’ ಎಂದು ಚೀಟಿ ಅಂಟಿಸಿದ ವೇರಿಯಬಲ್ ಎಂಬ ಡಬ್ಬದೊಳಗೆ ‘ಉಪನ್ಯಾಸಕ’ ಎಂಬ ವಸ್ತು, ಅಂದರೆ ಆಬ್ಜೆಕ್ಟ್, ಇರಬಹುದು. ಪ್ರೋಗ್ರಾಂ ಓಡುವ ಮೊದಲು ಅದನ್ನು ತಪಾಸಣೆ ಮಾಡುವ ಕಂಪೈಲರ್ ಚೀಟಿಯನ್ನಷ್ಟೇ ನಂಬುತ್ತದೆ, ನಮ್ಮ ಆಫೀಸಿನ ಹಾಗೆ. ಆದರೆ ಪ್ರೋಗ್ರಾಂ ಓಡುತ್ತಿರುವಾಗ ‘ಗೆಟ್‌ಕ್ಲಾಸ್’ ಎಂದು ಆ ಆಬ್ಜೆಕ್ಟನ್ನೇ ಕೇಳಿದರೆ, ತಾನು ನಿಜವಾಗಿ ಯಾವ ಕ್ಲಾಸಿನದು, ಯಾವ ಬಗೆಯದು ಎಂದು ಅದೇ ಹೇಳುತ್ತದೆ. ಚೀಟಿಗೆ ಹೆದರಿ ಸುಳ್ಳು ಹೇಳುವುದಿಲ್ಲ.

ಸುಳ್ಳು ನಡೆಸಿಕೊಂಡು ಬಂದದ್ದು ನಾನು. ಪಕ್ಕದ ಮನೆಯ ಖತೀಜಮ್ಮನ ಹತ್ತಿರ ಅಮ್ಮ “ನಮ್ಮ ಕಾಂತಿ ಮೂಡುಬಿದಿರೆಯಲ್ಲಿ ಲೆಕ್ಚರರ್” ಎನ್ನುವಾಗ ನಾನು ತಿದ್ದಲಿಲ್ಲ. ಹೋದ ವರ್ಷ ಅಮ್ಮ ಹಾಗೆಯೇ ನಂಬಿಕೊಂಡು ತೀರಿಹೋದರು. ನನಗೆ ಈಗಲೂ ನಾಚಿಕೆಯಾಗುತ್ತದೆ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಕ್ಷಮಿಸಿ.

ಸೋಮವಾರ ಬಂಟ್ವಾಳದ ಒಂದು ಕಾಲೇಜಿನಲ್ಲಿ ಉಪನ್ಯಾಸಕಿ ಹುದ್ದೆಗೆ ನನ್ನ ಸಂದರ್ಶನ. ಡಿಗ್ರಿ ಉಂಟು. ಪಾಠ ಮಾಡಿದ ಪುರಾವೆ ಬೇಕಂತೆ. ಆದ್ದರಿಂದ ಸಣ್ಣ ಪ್ರಯೋಗವೊಂದನ್ನು ಮಾಡುವ. ಈ ಸಭಾಂಗಣದಲ್ಲಿ ನನ್ನಿಂದ ಜಾವಾ ಕಲಿತವರು ದಯವಿಟ್ಟು ಎದ್ದು ನಿಲ್ಲಿ.

ಇಷ್ಟು ಜನವಾ? ಆಫೀಸಿನ ದೀಕ್ಷಿತಾ, ಈ ಪತ್ರ ಟೈಪ್ ಮಾಡಿದವಳು ನೀನಲ್ಲವಾ? ನೀನೂ ನಿಂತೆಯಾ? ಕಾರ್ಯದರ್ಶಿಗಳೇ, ಮೂರನೇ ಸಾಲಿನಲ್ಲಿ ನಿಂತಿರುವುದು ನಿಮ್ಮ ಮಗಳು ತ್ರಿಶಾ. ಜಾವಾ ಪರೀಕ್ಷೆಯಲ್ಲಿ ಅವಳಿಗೆ ಸಿಕ್ಕಿದ ಅಂಕಕ್ಕೆ ಕಮಲಾಕ್ಷ ಸರ್ ಅವರನ್ನು ಇದೇ ವೇದಿಕೆಯಲ್ಲಿ ಸನ್ಮಾನಿಸಿದ್ದೆವು, ನೆನಪಿದೆಯೇ?

ಪತ್ರವನ್ನು ನಿಮ್ಮ ಮುಂದಿನ ಮೇಜಿನ ಮೇಲೆ ಇಡುತ್ತಿದ್ದೇನೆ, ಪಕ್ಕದಲ್ಲಿ ಪೆನ್ನೂ ಉಂಟು. ನಿಧಾನವಾಗಿ ತಿದ್ದಿ, ಅವಸರವಿಲ್ಲ. ಶಾಲಿಗೆ, ಹಣ್ಣಿಗೆ, ಹನ್ನೆರಡು ವರ್ಷಕ್ಕೆ ಧನ್ಯವಾದ. ನೀವು ತಿದ್ದಿ ಮುಗಿಸುವವರೆಗೆ ಇವರೆಲ್ಲ ನಿಂತೇ ಇರುತ್ತಾರೆ, ಯಾಕೆಂದರೆ ನಾನಿನ್ನೂ ಕೂತುಕೊಳ್ಳಿ ಎಂದು ಹೇಳಿಲ್ಲ. ಒಬ್ಬ ಲ್ಯಾಬ್ ಸಹಾಯಕಿಯ ಮಾತನ್ನು ಯಾಕೆ ಇಷ್ಟು ಕೇಳುತ್ತಾರೋ, ನನಗಂತೂ ಗೊತ್ತಿಲ್ಲ.

ಎಲ್ಲರಿಗೂ ನಮಸ್ಕಾರ.